ತೆಪ್ಪದ ಅಟ್ಟಣೆಯಲ್ಲಿ ನನ್ನ ಜಾಗ

ಗೆಜ್ಜಲಗೆರೆ ಹತ್ತಿರ ರಸ್ತೆಗೆ ಡಾಂಬರು ಹಾಕುತ್ತಿದ್ದರೆ ಬಸ್ಸಿನವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನೊಬ್ಬಳು ಗಾಜು ಸರಿಸಿ ಎದೆತುಂಬ ಎಳೆದುಕೊಳ್ಳುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ನನಗದು ದೊಡ್ಡಪ್ಪನ ವಾಸನೆ. ಮಳವಳ್ಳಿ ಕಡೆಯ ನಮ್ಮೂರಿನ ಹೊಳೆದಡದಲ್ಲಿ ಅವನು ಬಿದಿರು ಹೆಣೆದು, ಡಾಂಬರು ಬಳಿದು, ದುಂಡನೆಯ ತೆಪ್ಪ ಮಾಡುತ್ತಿದ್ದ. ತೆಪ್ಪ ಹೊಳೆಯ ಜೊತೆ ಇಳಿಯುತ್ತದೆ, ಏರುವುದಿಲ್ಲ. ಮೀನು ಹಿಡಿಯುತ್ತ ತೇಲಿ ಬಂದ ಮೇಲೆ ಅದನ್ನು ತಲೆಯ ಮೇಲೆ ಬೋರಲು ಹೊತ್ತು ದಡದುದ್ದ ವಾಪಸು ನಡೆಯಬೇಕು. ಮಂಡಿ ಕೆಟ್ಟ ಮೇಲೆ ದೊಡ್ಡಪ್ಪನಿಗೆ ಅದಾಗಲಿಲ್ಲ. ಹೊಳೆ ಬಿಟ್ಟು ಜಗಲಿಯಲ್ಲಿ ಕೂತ ಅಣ್ಣನ ಮುಖ ನೋಡಲಾಗದೆ ನಮ್ಮಪ್ಪ, ಆಚೆ ದಡದ ಕಬ್ಬು ತರುತ್ತಿದ್ದ ನಮ್ಮ ಮರದ ದೋಣಿಯ ಮೇಲೆ ತೆಪ್ಪ ಹೊರುವ ಅಟ್ಟಣೆ ಕಟ್ಟೋಣವೆಂದ; ಗಳ ಊರಿದರೆ ದೋಣಿ ಹೊಳೆಯನ್ನು ಏರುತ್ತದೆ.

ಅಣ್ಣತಮ್ಮ ಕಬ್ಬಿನ ಗಾಡಿಯ ಗೂಟಗಳನ್ನೇ ಕಿತ್ತು ಮೂರು ದಿನ ಬಡಿದರು. ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದಂತೆ ಮೂರು ತೆಪ್ಪಕ್ಕೆ ಜಾಗ. ಎರಡು ದೊಡ್ಡಪ್ಪನವು. ಮುಂದಿನ ಸಣ್ಣ ಜಾಗ ತಟ್ಟಿ ದೊಡ್ಡಪ್ಪ, "ಇದು ನಿಂದು ಕಣವ್ವಾ. ಸುಗ್ಗಿ ಕಳೀಲಿ, ನಿನ್ನಳತೇಗೊಂದು ತೆಪ್ಪ ಎಣೀತೀನಿ" ಎಂದ. ಖುಷಿಗೆ ನನಗೆ ಅನ್ನ ಸೇರಲಿಲ್ಲ. ಆದರೆ ದೋಣಿ ನೀರಿಗಿಳಿದದ್ದೇ ತಡ, ಮೂತಿ ಗುಳುಂ ಎಂದು ಮುಳುಗಿತು! ಎತ್ತಿನ ಹೆಗಲಿಗೆ ತೂಕ ಬೀಳಲೆಂದು ಗಾಡಿಯಲ್ಲಿ ಮುಂದೆ ಹೇರಿ ಹೇರಿ ಪಳಗಿದ ಕೈಗಳು, ದೋಣಿಗೂ ಭಾರವನ್ನೆಲ್ಲ ಮುಂದಕ್ಕೇ ತಂದಿದ್ದವು. "ಮುಂದೆ ಬಾರ ಇಲ್ದಿದ್ರೆ ಇಂದಕ್ಕೆ ಮಗುಚ್ಕತದೆ ಕಣ್ಲಾ" ಎಂದು ಸೊಂಟದುದ್ದ ನೀರಲ್ಲಿ ನಿಂತೂ ದೊಡ್ಡಪ್ಪ ವಾದಿಸಿದ. ಅವ್ವ ಸೆರಗು ಬಾಯಿಗಿಟ್ಟು, "ದೋಣಿಗೆಲ್ಲಿ ಎತ್ತು ಕಟ್ಟಿದ್ದೀರಿ ಬಾವಾ?" ಎಂದಳು. ಎಲ್ಲರೂ ನಕ್ಕರು. ಅಪ್ಪ ಗರಗಸ ತಂದು, "ಮುಂದಿಂದು ಕುಯ್ದು ಬುಡಣ" ಎಂದಾಗ ನಾನು ಅತ್ತೇಬಿಟ್ಟೆ. ದೊಡ್ಡಪ್ಪ ಗರಗಸ ಕಿತ್ತುಕೊಂಡ. "ಮಗೀನ್ ಜಾಗ ಮುಟ್ಬ್ಯಾಡ ಕಣ್ಲಾ. ನನ್ನವೆರಡ್ನೂ ಇಂದಕ್ಕಾಕು." ಹಾಗೇ ಮಾಡಿದರು. ದೋಣಿ ನೆಟ್ಟಗೆ ನಿಂತಿತು.

ಆ ಸುಗ್ಗಿಯುದ್ದಕ್ಕೂ ದೊಡ್ಡಪ್ಪ ಹೊಳೆಯ ಮೇಲಿದ್ದ. ಸುಗ್ಗಿ ಕಳೆದದ್ದೇ ನನ್ನ ತೆಪ್ಪಕ್ಕೆಂದು ಬಿದಿರು ಸೀಳಿ ನೀರಲ್ಲಿ ನೆನೆಹಾಕಿದ. ಅದು ನೆನೆಯುತ್ತಿದ್ದಾಗಲೇ ಒಂದು ಬೆಳಗ್ಗೆ ಅವನು ಏಳಲಿಲ್ಲ. ಆಮೇಲೆ ಸೇತುವೆ ಬಂತು, ದೋಣಿ ಸೌದೆಯಾಯಿತು, ಅಪ್ಪ ಅವ್ವನೂ ಹೋದರು. ಅಟ್ಟಣೆಯನ್ನು ಮಾತ್ರ ಲಗೇಜ್ ಆಟೋದಲ್ಲಿ ಮಂಡ್ಯದ ಮನೆಗೆ ತಂದುಕೊಂಡೆ. ಮಕ್ಕಳು ಅದರಲ್ಲಿ ಹೂಕುಂಡ ಜೋಡಿಸಿದ್ದಾರೆ, ಚೆನ್ನಾಗಿಯೇ ಇದೆ. ಆದರೆ ಯಾರಾದರೂ ಆ ಸಣ್ಣ ಜಾಗಕ್ಕೆ ಕುಂಡ ಇಡಲು ಹೋದರೆ ಐವತ್ತು ದಾಟಿದ ನಾನು, "ಅದು ನಂದು, ಮುಟ್ಬೇಡಿ" ಎಂದು ಕೂಗಿಬಿಡುತ್ತೇನೆ.