ತಾತನ ವಲ್ಲಿಯ ಕೆಂಪಂಚು

ಒಟ್ಟು ಖರ್ಚು ಇಷ್ಟೇ: ಎರಡು ಪೆನ್ಸಿಲ್, ಒಂದು ಹಿಡಿ ಉಪ್ಪು, ತಾತನ ಟಾರ್ಚಿನ ಮೂರು ಸೆಲ್ಲು. ನಾನು ಹುಡುಗನಾಗಿದ್ದ ಆ ಯುದ್ಧಕಾಲದಲ್ಲಿ ಸೆಲ್ಲು ಸಿಗುವುದೇ ಅಪರೂಪವಾಗಿತ್ತು. ಇವತ್ತು ನಲ್ಲಿ ತಿರುಗಿಸಿದಾಗ ಬಂದ ಬ್ಲೀಚಿಂಗ್ ಪೌಡರ್ ವಾಸನೆ ನನ್ನನ್ನು ನೇರವಾಗಿ ಮದ್ದೂರಿನ ನಮ್ಮ ಜಗಲಿಗೆ ತಂದು ಕೂರಿಸಿತು.

ಪೆನ್ಸಿಲ್ ಸೀಳಿ, ಒಳಗಿನ ಸೀಸದ ಕಡ್ಡಿಗಳನ್ನು ತಂತಿಯಿಂದ ಸೆಲ್ಲಿಗೆ ಕಟ್ಟಿ, ಲೋಟದ ಉಪ್ಪುನೀರಿಗೆ ಇಳಿಬಿಟ್ಟಿದ್ದೆ. ಗುಳ್ಳೆ ಎದ್ದವು, ಜೊತೆಗೆ ಇದೇ ನಲ್ಲಿನೀರಿನ ವಾಸನೆ. ಎಲೆಅಡಿಕೆ ಜಗಿಯುತ್ತಾ ಬಂದ ತಾತ ಬೆರಳು ಅದ್ದಿ ನೋಡಿದ.

"ಕುದೀತೈತೆ, ಆದ್ರೂ ತಣ್ಣಗೈತೆ! ಇದ್ಕೆ ನನ್ ಸೆಲ್ಲೇ ಬೇಕಿತ್ತೇನ್ಲಾ? ಇಸ್ಕೂಲ್ ಬುಡು, ನಾಳೆಯಿಂದ ಆಲೆಮನೆಗೆ ಬಾ."

ಬೈಯುವ ಭರದಲ್ಲಿ ಎಲೆರಸ ಅವನ ಹೆಗಲ ವಲ್ಲಿಗೇ ಸಿಡಿಯಿತು. ಆ ನೀರು ಬಣ್ಣ ತಿನ್ನುತ್ತದೆಂದು ಮೇಷ್ಟ್ರು ಹೇಳಿದ್ದರು. ವಲ್ಲಿ ಎಳೆದುಕೊಂಡು ಕಲೆಯಾದ ಮೂಲೆಯನ್ನು ಲೋಟಕ್ಕೆ ತುರುಕಿದೆ. ಸಂಜೆ ಹೊತ್ತಿಗೆ ಕಲೆ ಹೋಗಿತ್ತು. ಆ ಮೂಲೆಯ ಕೆಂಪಂಚೂ ಹೋಗಿತ್ತು.

"ನಿಮ್ ವಲ್ಲಿಗೂ ನಿಮ್ಮಂಗೇ ನರೆ ಬಂತು!" ಎಂದು ಅಜ್ಜಿ ನಕ್ಕಳು.

ತಾತ ವಲ್ಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಅಂಚು ಉಳಿಸ್ಕಂಡು ಕಲೆ ತೆಗಿಯೋದ್ ಕಲಿಯೋಗಂಟ ಇಸ್ಕೂಲ್ಗೇ ಓಗ್ಲಾ."

ಅದನ್ನು ನಾನಿನ್ನೂ ಕಲಿತಿಲ್ಲ. ಲಾಭದ ಲೆಕ್ಕ: ಅಜ್ಜಿಗೆ ವಾರವಿಡೀ ನಗು, ತಾತನಿಗೆ ಒಂದು ಮೂಲೆ ಬೆಳ್ಳಗಾದ ವಲ್ಲಿ, ನನಗೆ ಮಂಡ್ಯದ ಹೈಸ್ಕೂಲು.