ಕಪಾಟಿನೊಳಗಿನ ಸಸಿಗಳು

ಅಂಬಿಕಾನಗರದ ಗೆಸ್ಟ್‌ಹೌಸಿನಲ್ಲಿ ಆ ವಾರ ಉಳಿದಿದ್ದವಳು ನಾನೊಬ್ಬಳೇ. ಅಣಶಿ ಕಡೆಯಿಂದ ತಂದ ಸಸಿಗಳನ್ನು ಎರಡು ದಿನದಿಂದ ಕಪಾಟಿನ ಕತ್ತಲಲ್ಲಿಟ್ಟಿದ್ದೆ. ಎಲೆಯ ಹಸಿರು ಕಣಗಳನ್ನು ಒಡೆಯದೆ ಹೊರತೆಗೆಯಬೇಕಾದರೆ, ಮೊದಲು ಅವುಗಳೊಳಗಿನ ಪಿಷ್ಟ ಕರಗಬೇಕು.

ಮನೆಗೆ ಫೋನ್ ಮಾಡಲು ಸಿಗ್ನಲ್ ಸಿಗುವ ಕಡೆ ಹೋದೆ, ಯಾರೂ ಎತ್ತಲಿಲ್ಲ. ವಾಪಸು ಬಂದರೆ ಕಪಾಟು ಖಾಲಿ. ಸಸಿಗಳೆಲ್ಲ ಅಂಗಳದ ಬಿಸಿಲಿನಲ್ಲಿದ್ದವು. ಅಡುಗೆಯ ಇಮಾಮಸಾಬರು ನೀರು ಹಾಕುತ್ತಿದ್ದರು.

“ಕಸಾ ಹೊಡ್ಯಾಕ ಬಂದಿದ್ದೆರೀ ಅಕ್ಕಾರ. ಪಾಪ, ಕತ್ತಲದಾಗ ಸಾಯ್ತಿದ್ದುವು,” ಎಂದರು.

ಬಿಸಿಲಿಗೆ ಪಿಷ್ಟ ಮತ್ತೆ ತುಂಬಿಕೊಂಡು ಎರಡು ದಿನದ ಕೆಲಸ ಹಾಳಾಗಿತ್ತು. ಸಿಟ್ಟು ನುಂಗಿಕೊಂಡು ವಿವರಿಸಿದೆ: ಆ ಹಸಿರು ಕಣ ಬಹಳ ಹಿಂದೆ ನೀರಿನಲ್ಲಿ ತನ್ನಷ್ಟಕ್ಕೆ ತಾನೇ ಬದುಕುತ್ತಿದ್ದ ಜೀವಿ. ಇನ್ನೊಂದು ಜೀವಕೋಶದೊಳಗೆ ಹೊಕ್ಕದ್ದು ಅಲ್ಲೇ ಉಳಿದುಬಿಟ್ಟಿತು. ನಾನು ಓದುತ್ತಿರುವುದು ಅದನ್ನೇ.

ಅವರು ತಂಬಿಗೆ ಕೆಳಗಿಟ್ಟರು. “ಅದಕ್ಕೂ ಒಬ್ಬಂಟಿ ಇದ್ದು ಇದ್ದು ಬ್ಯಾಸರಾಗಿರಬೇಕ್ರೀ.”

ನನಗೆ ನಗು ಬರಲಿಲ್ಲ. ಸಸಿಗಳನ್ನು ಮತ್ತೆ ಕತ್ತಲಿಗೆ ಸೇರಿಸಿ ಇನ್ನೆರಡು ದಿನ ಉಳಿದೆ. ಬೇಸರಕ್ಕೆ ಒಂದು ಜೀವಿ ಇನ್ನೊಂದರೊಳಗೆ ಸೇರಿಕೊಂಡಿತು ಎನ್ನಲು ವಿಜ್ಞಾನದಲ್ಲಿ ಯಾವ ಪುರಾವೆಯೂ ಇಲ್ಲ. ನಾನು ಮಾತ್ರ ಆಮೇಲೆ ಊಟವನ್ನು ರೂಮಿಗೆ ತರಿಸಿಕೊಳ್ಳದೆ, ಅವರ ಅಡುಗೆಮನೆಯಲ್ಲೇ ಕೂತು ಉಂಡೆ.