ಒಗಟುಕಟ್ಟೆಯ ನೀರಗಂಟಿ

ಬೆಳಗಿನ ಕಾಫಿಯ ಲೋಟ ಕೈಯಲ್ಲಿರುವಾಗಲೇ ಯಾರಾದರೂ ನಮ್ಮ ಹೆಸರಿಗೆ ಕೋಟ್ಯಂತರ ರೂಪಾಯಿಯ ಆಸ್ತಿ ಬರೆದಿಟ್ಟರೆ ದಿನ ಚೆನ್ನಾಗಿಯೇ ಆರಂಭವಾಗಬೇಕು, ಅಲ್ಲವೆ? ಮಧುಗಿರಿಯ ನನ್ನ ಪಡಸಾಲೆಯಲ್ಲಿ ಕಂಪ್ಯೂಟರ್ ತೆರೆದೊಡನೆ, ನಾನು ಹೆಸರೇ ಕೇಳದ ದೇಶಗಳ ಪುಣ್ಯಾತ್ಮರು ದಿನವೂ ಬರೆದಿಡುತ್ತಾರೆ. 'ನಿಮ್ಮ ಒಪ್ಪಿಗೆಗಾಗಿ ಕಾದಿವೆ' ಎಂಬ ಒಕ್ಕಣೆಯ ಕೆಳಗೆ ಆ ಔದಾರ್ಯವೆಲ್ಲ ಸಾಲುಗಟ್ಟಿರುತ್ತದೆ. ನಾನು ನಿರ್ದಾಕ್ಷಿಣ್ಯವಾಗಿ ಅಳಿಸಿ, ಆರುತ್ತಿರುವ ಕಾಫಿಗೆ ಮರಳುತ್ತೇನೆ. ನಿವೃತ್ತ ಮೇಷ್ಟರೊಬ್ಬನಿಗೆ ಇಷ್ಟು ವೈರಾಗ್ಯ ಲಭಿಸಿರುವುದು 'ಒಗಟುಕಟ್ಟೆ'ಯ ಕೃಪೆಯಿಂದ.

ಇದು ಅರಳೀಮರದ ಕೆಳಗಿನ ಕಟ್ಟೆಯಲ್ಲ, ಇ-ಮೇಲಿನದು; ಒಬ್ಬರು ಬರೆದದ್ದು ಎಲ್ಲ ಸದಸ್ಯರಿಗೂ ತಲುಪುವ ಏರ್ಪಾಡು. ಬಸ್‌ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿನಲ್ಲಿ ಮೋಡೆಮ್ಮು ಕೆಮ್ಮಿ ಕ್ಯಾಕರಿಸಿ ಜಗತ್ತಿನ ಸಂಪರ್ಕ ಕಲ್ಪಿಸುತ್ತಿದ್ದ ಕಾಲದಲ್ಲಿ, ಶಿರಾದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗೆಳೆಯ ಖಲೀಲ್ ಸಾಹೇಬರೂ ನಾನೂ ಸೇರಿ ಇದನ್ನು ಕಟ್ಟಿದೆವು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದ ಆ ದಿನಗಳಲ್ಲಿ ಒಗಟು ಬಿಡಿಸುವುದಕ್ಕಿಂತ ಅದನ್ನು ಓದುವುದೇ ಕಷ್ಟವಾಗಿತ್ತು. ಉತ್ತರವಿರಲಿ ಬೇರೇನಿರಲಿ, ಕಟ್ಟೆಗೆ ಬಂದ ಪತ್ರವೆಲ್ಲ ಮೊದಲು ನನ್ನ ಬಳಿ ಬರಬೇಕು, ನಾನು ಒಪ್ಪಿಗೆ ಒತ್ತಿದ ಮೇಲಷ್ಟೇ ಉಳಿದವರಿಗೆ ತಲುಪಬೇಕು; ಸರಿಯುತ್ತರವನ್ನು ಮೊದಲು ಕಳಿಸಿದವರು ಮುಂದಿನ ಒಗಟು ಹಾಕಬೇಕು. ಆದರೆ ಪಾವಗಡದ ಆಚೆಯ ಹಳ್ಳಿಶಾಲೆಯ ನಾಗರತ್ನಮ್ಮ ಮೇಡಂ ಸಂತೆಗೆ ಬಂದ ದಿನ ಮಾತ್ರ ಸೈಬರ್ ಸೆಂಟರಿಗೆ ಹೋಗುತ್ತಿದ್ದುದರಿಂದ, ಅವರ ಉತ್ತರವೋ ಸೋತೆನೆಂಬ ಮಾತೋ ಬರುವವರೆಗೆ ಗುಟ್ಟು ಒಡೆಯಕೂಡದೆಂಬ ನಿಯಮವೂ ಹುಟ್ಟಿತು. ಮದಲೂರಿನ ಕೆರೆಬಯಲಿನಲ್ಲಿ ಕೊನೆಯ ಗದ್ದೆಗೆ ನೀರು ಮುಟ್ಟುವವರೆಗೆ ತೂಬು ಬಿಟ್ಟು ಕದಲದ ನೀರಗಂಟಿಯನ್ನು ಹುಡುಗನಾಗಿದ್ದಾಗ ಕಂಡಿದ್ದೆ, ಅವನಂತೆಯೇ ಕೂತುಬಿಟ್ಟೆ.

ಈಗ ಎಲ್ಲರ ಅಂಗೈಯಲ್ಲೂ ಫೋನು. ಕಟ್ಟೆಯಲ್ಲಿ ಉಳಿದವರು ಬೆರಳೆಣಿಕೆಯ ಮಂದಿ. ಕಳೆದ ಮಳೆಗಾಲದಲ್ಲಿ ನಾನೇ ಒಂದು ಒಗಟು ಹಾಕಿದೆ: 'ಮೇಲೆ ಹೂ ಮುಡಿದಳು, ಮಣ್ಣೊಳಗೆ ಹೆತ್ತಳು.' ಕಡಲೆಕಾಯಿ ಬಿಡಿಸದೆ ಬೆಳೆದ ಮಕ್ಕಳು ನಮ್ಮ ಸೀಮೆಯಲ್ಲಿ ಉಂಟೆ? ಅಂದು ಸಂಜೆಗೇ ಸಾಹೇಬರ ಉತ್ತರ ಬಂತು, ಬೆನ್ನಿಗೇ ಉಳಿದವರದೂ. ಬಾರದೆ ಹೋದದ್ದು ನಾಗರತ್ನಮ್ಮನವರದು ಮಾತ್ರ. ಮಳೆಗಾಲ ಮುಗಿಯಿತು, ಹೊಲಗಳಲ್ಲಿ ಕಡಲೆಕಾಯಿ ಕಿತ್ತೂ ಆಯಿತು.

"ಕಳ್ಳೆಕಾಯಿಗೆ ಇಷ್ಟು ದಿನ ಕಾಯಾದಾ ಮೇಷ್ಟ್ರೇ? ಕಟ್ಟೆ ಬಂದ್ ಮಾಡ್ಬುಡಿ, ವಾಟ್ಸಾಪಿಗೆ ಹೋಗಣ" ಎಂದರು ಸಾಹೇಬರು. ಅಲ್ಲಿ ಒಗಟಿಗಿಂತ ಮುಂಚೆ ಉತ್ತರ ಬರುತ್ತದೆಂದು ಗೊಣಗಿದೆನಾದರೂ, ಕಟ್ಟೆ ಮುಚ್ಚುವ ಪ್ರಕಟಣೆ ಬರೆಯಲು ಕೂತದ್ದು ನಿಜ. ಅದಕ್ಕೆ ಮುನ್ನ ನಾಗರತ್ನಮ್ಮನವರಿಗೊಂದು ಮಾತು ತಿಳಿಸೋಣವೆಂದು ಫೋನು ಮಾಡಿದೆ.

ಎತ್ತಿಕೊಂಡವರು ಅವರ ತಂಗಿ. ಅಕ್ಕನಿಗೆ ಲಕ್ವ ಹೊಡೆದು ಬಲಗೈ ಸೋತಿದೆ, ಕಂಡ ವಸ್ತುವಿನ ಹೆಸರು ನಾಲಗೆಗೆ ಬರುವುದಿಲ್ಲ ಎಂದರು. "ನಿಮ್ಮ ಒಗಟು ದಿನಾ ಓದುಸ್ಕೊಂತಾಳೆ ಸಾರ್. ಎಡಗೈಯಾಗೆ ಸುಲಿಯೋ ಅಂಗೆ ತೋರುಸ್ತಾಳೆ, ಹೆಸ್ರು ಮಾತ್ರ ಸಿಗಲ್ಲ. ನಾನು ಹೇಳಾಕೋದ್ರೆ ಬಾಯಿ ಮುಚ್ಚುಸ್ತಾಳೆ. ಉತ್ತರ ಹಾಕ್ಬೇಡಿ ಸಾರ್. ಅದನ್ನ ಹುಡುಕಾಕೇ ಬೆಳಗಾದ್ರೆ ಎದ್ದು ಕೂರ್ತಾಳೆ."

ಪ್ರಕಟಣೆ ಬರೆಯಲಿಲ್ಲ. ವಿಷಯ ತಿಳಿದ ಸಾಹೇಬರು ಆಮೇಲೆ ವಾಟ್ಸಾಪಿನ ಸುದ್ದಿ ಎತ್ತಲಿಲ್ಲ. ಅಕ್ಕ ಹೆಂಗವ್ರೆ ಎಂದಷ್ಟೇ ಆಗಾಗ ವಿಚಾರಿಸುತ್ತಿದ್ದರು. ಮಾತಾಡಲು ಕಟ್ಟಿದ ಕಟ್ಟೆಯಲ್ಲಿ ಯಾರೂ ಮಾತಾಡದೆ ಕೂತಿದ್ದ ಆ ತಿಂಗಳುಗಳಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಎಷ್ಟು ಹತ್ತಿರದವರೆಂಬುದು ನನಗೆ ತಿಳಿಯಿತು.

ಮೊನ್ನೆ ಬೆಳಿಗ್ಗೆ, ಆಸ್ತಿದಾನಿಗಳ ಸಾಲಿನ ನಡುವೆ ಒಂದೇ ಪದದ ಪತ್ರ ಬಂದಿತ್ತು: 'ಚೆನಕ್ಕಾಯ'. ಕನ್ನಡದ ಕಡಲೆಕಾಯಿ ಸಿಗದಿದ್ದರೇನು, ತವರಿನ ತೆಲುಗು ನಾಗರತ್ನಮ್ಮನವರ ಕೈಹಿಡಿದಿತ್ತು. ಎಡಗೈಯ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದರೆಂದು ತಂಗಿ ಆಮೇಲೆ ಹೇಳಿದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಸಾಹೇಬರಿಗೆ ಫೋನು ಮಾಡಿ, ಮೊದಲ ಸರಿಯುತ್ತರ ನಿಮ್ಮದೇ ಆದ್ದರಿಂದ ಮುಂದಿನ ಒಗಟು ಸಿದ್ಧಮಾಡಿಕೊಳ್ಳಿ ಎಂದೆ.

"ನಾನೆಲ್ಲಿ ಉತ್ತರ ಕಳಿಸಿವ್ನಿ?" ಎಂದರು ಸಾಹೇಬರು. "ಅಂಗೇನಾದ್ರೂ ಇದ್ರೆ ಅಳಿಸ್ಬುಡಿ. ಮುಂದಿಂದು ಅಕ್ಕಾನೇ ಹಾಕ್ಲಿ. ಎಷ್ಟ್ ದಿನ ಆದ್ರೂ ಕಾಯಣ."

ಉಳಿದವರೂ ಅದನ್ನೇ ಹೇಳಿದರು. ಅಷ್ಟರಲ್ಲಿ ಕಾಫಿ ಪೂರ್ತಿ ಆರಿತ್ತು. ಆ ಬೆಳಿಗ್ಗೆ ಕೋಟ್ಯಂತರ ರೂಪಾಯಿಯ ಆಸ್ತಿಯ ಜೊತೆಗೆ ಗೆಳೆಯರೆಲ್ಲರ ಸರಿಯುತ್ತರಗಳನ್ನೂ ಅಳಿಸಿ, ನಾಗರತ್ನಮ್ಮನವರದೊಂದಕ್ಕೇ ಒಪ್ಪಿಗೆ ಒತ್ತಿದೆ.